ತೀರ್ಪು ಬಂದ ಸಂಜೆ

2023ರ ಏಪ್ರಿಲ್. ಸುರತ್ಕಲ್‌ನಲ್ಲಿ ಕಡಲ ಬದಿಯ ಸೆಕೆಯ ಜೊತೆಗೆ ಚುನಾವಣೆಯ ಬಿಸಿ. ಮೇ 10ಕ್ಕೆ ಮತದಾನ. ಜಂಕ್ಷನ್‌ನಲ್ಲಿ ಒಂದು ಪಕ್ಷದ ಪ್ರಚಾರದ ರಿಕ್ಷಾ ಹೋದ ಬೆನ್ನಿಗೇ ಇನ್ನೊಂದು ಪಕ್ಷದ್ದು ಬರುತ್ತಿತ್ತು. ಅದರ ನಡುವೆಯೇ ಮಂಗಳೂರಿಗೆ ಹೋಗುವ ಸಿಟಿ ಬಸ್ಸಿನ ಕಂಡಕ್ಟರುಗಳು ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಎಂದು ಕೂಗುತ್ತಿದ್ದರು. ಆ ಗದ್ದಲಕ್ಕೆ ಕಿಟಕಿ ಮುಚ್ಚಿಕೊಂಡು, ಮಹಡಿಯ ಮೇಲಿನ ಒಂದು ವಕೀಲರ ಆಫೀಸಿನಲ್ಲಿ ನಾವು ನಾಲ್ಕೈದು ಮಂದಿ ದಿಲ್ಲಿಯ ಸುಪ್ರೀಂ ಕೋರ್ಟಿನ ಕಲಾಪವನ್ನು ಫೋನಿನಲ್ಲಿ ನೋಡುತ್ತಿದ್ದೆವು. ಆಗ ನಮ್ಮ ನಡುವೆ ನಡೆದ ಮಾತುಕತೆ ಆರು ತಿಂಗಳ ಬಳಿಕ ಎಲ್ಲಿಗೆ ಬಂದು ಮುಟ್ಟಿತು ಎಂಬುದನ್ನು ಹೇಳಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೇನೆ.

ಆ ಆಫೀಸಿಗೆ ಸಂಜೆ ಬರುತ್ತಿದ್ದವರನ್ನು ಹೆಸರಿಲ್ಲದೆಯೇ ಪರಿಚಯಿಸುತ್ತೇನೆ. ಪೂಜೆಯನ್ನು ಮಗನಿಗೆ ವಹಿಸಿಕೊಟ್ಟ ಭಟ್ರು. ಮಾರ್ಕೆಟ್ಟಿನಲ್ಲಿ ದಿನಸಿ ವ್ಯಾಪಾರ ಮಾಡಿಕೊಂಡಿದ್ದ, ಹಜ್ಜಿಗೆ ಹೋಗಿಬಂದ ಹಾಜಿಯವರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಕೊಂಕಣಿ ಕೆಥೊಲಿಕ್ ಟೀಚರ್. ಬ್ಯಾಂಕಿನಿಂದ ನಿವೃತ್ತಳಾದ ನಾನು. ಮತ್ತೆ ವಕೀಲರು. ಮೊದಲು ಸುಮ್ಮನೆ ಚಾ ಕುಡಿಯಲು ಸೇರುತ್ತಿದ್ದ ಈ ಕೂಟ ಗಟ್ಟಿಯಾದದ್ದು 2022ರ ಜುಲೈಯ ನಂತರ. ಇದೇ ಪೇಟೆಯಲ್ಲಿ ಒಬ್ಬ ಹುಡುಗನನ್ನು ಕಡಿದು ಕೊಂದರು. ನಿಷೇಧಾಜ್ಞೆ ಬಂತು, ಸಂಜೆ ಆರಕ್ಕೇ ಅಂಗಡಿಗಳ ಬಾಗಿಲು ಬಿತ್ತು. ಡಿಸೆಂಬರಿನಲ್ಲಿ ಪಕ್ಕದ ಕಾಟಿಪಳ್ಳದಲ್ಲಿ ಇನ್ನೊಂದು ಕೊಲೆಯಾಯಿತು. ಬೇರೆ ಬೇರೆ ಧರ್ಮದವರು ಒಬ್ಬರ ಮುಖ ಒಬ್ಬರು ನೋಡಲು ಹೆದರುವಂತಿದ್ದ ಆ ದಿನಗಳಲ್ಲಿ ಹಾಜಿಯವರು ಕೇಳಿದ್ದರು: “ನಾವು ಸಹ ಮಾತು ಬಿಟ್ರೆ ಮತ್ತೆ ಈ ಊರಲ್ಲಿ ಮಾತಾಡುದು ಯಾರು ಮಾರಾಯ್ರೆ?” ಅಂದಿನಿಂದ ಸಂಜೆಯ ಕೂಟವನ್ನು ನಾವು ತಪ್ಪಿಸಿದ್ದು ಕಡಿಮೆ.

ನಾವು ಫೋನಿನಲ್ಲಿ ನೋಡುತ್ತಿದ್ದ, ಏಪ್ರಿಲ್ 18ರಂದು ಶುರುವಾದ ವಿಚಾರಣೆ ಸಲಿಂಗ ವಿವಾಹದ್ದು. ಹೈದರಾಬಾದಿನ ಸುಪ್ರಿಯೋ ಮತ್ತು ಅಭಯ್ ಎಂಬ ಜೋಡಿ 2022ರ ನವೆಂಬರಿನಲ್ಲಿ ಅರ್ಜಿ ಹಾಕಿತ್ತು. ಆಮೇಲೆ ಅದಕ್ಕೆ ಇಪ್ಪತ್ತರಷ್ಟು ಅರ್ಜಿಗಳು ಸೇರಿಕೊಂಡವು. ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಅರ್ಜಿದಾರರಲ್ಲಿ ಒಬ್ಬರು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್, ಸಂಜಯ್ ಕಿಶನ್ ಕೌಲ್, ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಪೀಠದಲ್ಲಿದ್ದರು. ಹಿಂದೂ ವಿವಾಹ ಕಾಯ್ದೆ, ಶರೀಅತ್ ಮೊದಲಾದ ವೈಯಕ್ತಿಕ ಕಾನೂನುಗಳಿಗೆ ಕೈಹಾಕುವುದಿಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನಷ್ಟೇ ನೋಡುತ್ತೇವೆ ಎಂದು ಪೀಠ ಮೊದಲ ದಿನವೇ ಹೇಳಿಬಿಟ್ಟಿತು. ಆ ಕಾಯ್ದೆಯ 4ನೇ ಕಲಮಿನಲ್ಲಿ ಗಂಡಿಗೆ 21, ಹೆಣ್ಣಿಗೆ 18 ವರ್ಷ ತುಂಬಿರಬೇಕು ಎಂದಿದೆ. ಇಬ್ಬರೂ ಗಂಡಾದರೆ, ಇಬ್ಬರೂ ಹೆಣ್ಣಾದರೆ ಈ ಸಾಲನ್ನು ಓದುವುದು ಹೇಗೆ ಎಂಬಲ್ಲಿಂದ ವಾದ ಹೊರಟಿತು.

ಇದರಲ್ಲಿ ನನ್ನನ್ನು ತಟ್ಟಿದ್ದು ಬೇರೆ ಒಂದು ಸಂಗತಿ. ಜಮೀಯತ್ ಉಲಮಾ ಇ ಹಿಂದ್ ಅರ್ಜಿಗಳನ್ನು ವಿರೋಧಿಸಿ ಕೋರ್ಟಿಗೆ ಬಂದಿತ್ತು. ಅಖಿಲ ಭಾರತೀಯ ಸಂತ ಸಮಿತಿಯೂ ಬಂದಿತ್ತು. ಕ್ರೈಸ್ತ ಸಭೆಗಳ ಕೆಲವು ಮುಖಂಡರು ರಾಷ್ಟ್ರಪತಿಗೆ ಪತ್ರ ಬರೆದಿದ್ದರು. ಆರೆಸ್ಸೆಸ್ಸಿನ ಸರಕಾರ್ಯವಾಹ, ನಮ್ಮ ಸೊರಬದವರಾದ ದತ್ತಾತ್ರೇಯ ಹೊಸಬಾಳೆ ಮಾರ್ಚಿನಲ್ಲಿ ಹರ್ಯಾಣದಲ್ಲಿ ಮಾತಾಡುತ್ತ, ಮದುವೆ ಒಂದು ಸಂಸ್ಕಾರ, ಕರಾರಲ್ಲ, ಅದು ಗಂಡು ಹೆಣ್ಣಿನ ನಡುವಿನದ್ದು ಎಂದಿದ್ದರು. ಒಂದು ಪೇಟೆಯಲ್ಲಿ ಒಟ್ಟಿಗೆ ಬಾಳಲು ನಮ್ಮ ಮಕ್ಕಳಿಗೆ ಕಲಿಸಲಾರದ ಧರ್ಮಗಳು ಈ ಒಂದು ವಿಷಯದಲ್ಲಿ ಒಂದೇ ಸಾಲಿನಲ್ಲಿ ಕುಳಿತಿದ್ದವು. ಅದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು.

ಆದರೆ ನಮ್ಮ ಕೂಟದ ಮೂವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಅವರು ಕೆಟ್ಟ ಮನಸ್ಸಿನವರಲ್ಲ. ಭಟ್ರು ಹೇಳಿದರು: “ವಿವಾಹ ಹದಿನಾರು ಸಂಸ್ಕಾರಗಳಲ್ಲಿ ಒಂದು ಅಕ್ಕ. ಸಪ್ತಪದಿಯ ಮಂತ್ರದಲ್ಲಿ ವರ ಉಂಟು, ವಧು ಉಂಟು. ನಾನು ಅದನ್ನು ತಿದ್ದಿ ಹೇಳಿ ಆಗುದಿಲ್ಲ.” ಹಾಜಿಯವರದ್ದು ಬೇರೆ ದಾರಿ: “ನಮ್ಮಲ್ಲಿ ನಿಕಾಹ್ ಅಂದ್ರೆ ಕರಾರೇ. ಮಹರ್ ಉಂಟು, ಸಾಕ್ಷಿಗಳು ಬೇಕು. ಆದ್ರೆ ಕರಾರು ಗಂಡಿಗೂ ಹೆಣ್ಣಿಗೂ.” ಟೀಚರ್, “ನಮಗೆ ಅದು ಏಳು ಸಂಸ್ಕಾರಗಳಲ್ಲಿ ಒಂದು, ದೇವರ ಮುಂದೆ ಮಾಡುವ ಒಡಂಬಡಿಕೆ” ಎಂದು, ಸ್ವಲ್ಪ ತಡೆದು, “ಆದರೆ ಹೀಗಿರುವವರು ಅಪರಾಧಿಗಳಲ್ಲ ಅಂತ ಪೋಪ್ ಫ್ರಾನ್ಸಿಸ್ ಈ ಜನವರಿಯಲ್ಲಿ ಹೇಳಿದ್ದಾರೆ” ಎಂದು ಸೇರಿಸಿದರು. ಸಂಸ್ಕಾರ ಎನ್ನುವವರೂ ಕರಾರು ಎನ್ನುವವರೂ ಕೊನೆಗೆ ಒಂದೇ ಕಡೆ ಬಂದು ನಿಂತರು.

ವಕೀಲರು ಎಲ್ಲರ ಮಾತು ಮುಗಿಯುವ ತನಕ ಸುಮ್ಮನಿದ್ದರು. ಆಮೇಲೆ, “ನಿಮ್ಮ ಮಂತ್ರ, ನಿಮ್ಮ ನಿಕಾಹ್, ನಿಮ್ಮ ಇಗರ್ಜಿ, ಯಾವುದನ್ನೂ ಅರ್ಜಿದಾರರು ಕೇಳಿಲ್ಲ. ಅವರು ಕೇಳಿದ್ದು ರಿಜಿಸ್ಟ್ರಾರರ ಪುಸ್ತಕದಲ್ಲಿ ಒಂದು ಸಾಲು” ಎಂದರು.

ಆ ಪುಸ್ತಕಕ್ಕೂ ಒಂದು ಚರಿತ್ರೆ ಉಂಟು. 1872ರಲ್ಲಿ ಬ್ರಹ್ಮಸಮಾಜದ ಕೇಶವಚಂದ್ರ ಸೇನರ ಒತ್ತಾಯದಿಂದ ಮೊದಲ ನಾಗರಿಕ ವಿವಾಹ ಕಾಯ್ದೆ ಬಂದಾಗಲೂ ಸಂಪ್ರದಾಯಸ್ಥರು ಗಟ್ಟಿಯಾಗಿ ವಿರೋಧಿಸಿದ್ದರು. ಆ ವಿರೋಧದಿಂದಾಗಿಯೇ, ಅದರಡಿ ಮದುವೆಯಾಗುವವರು ‘ನಾನು ಹಿಂದೂ ಅಲ್ಲ, ಮುಸ್ಲಿಮನಲ್ಲ, ಕ್ರೈಸ್ತನಲ್ಲ’ ಎಂದು ಘೋಷಿಸಬೇಕಾಯಿತು. 1870ರಲ್ಲೇ ಬ್ರಹ್ಮಸಮಾಜ ಕಟ್ಟಿದ ಊರು ಮಂಗಳೂರು. ಉಳ್ಳಾಲ ರಘುನಾಥಯ್ಯ, ಬಿಲ್ಲವ ಮುಖಂಡ ಅರಸಪ್ಪ ಅದರ ಹಿಂದೆ ಇದ್ದವರು. ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಸಮಾಜಕ್ಕೆ ಸೇರಿದವರು. ಅವರ ಮಗಳು ರಾಧಾಬಾಯಿ ಜಾತಿಯ ಗೆರೆ ದಾಟಿ ತಮಿಳುನಾಡಿನ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಧರ್ಮ ಬಿಡದೆಯೇ ಮದುವೆ ನೋಂದಾಯಿಸಿಕೊಳ್ಳುವ ದಾರಿ ಎಲ್ಲ ಧರ್ಮದವರಿಗೂ 1954ರಲ್ಲಿ ತೆರೆಯಿತು. ಈಗಲೂ ಆ ದಾರಿ ಸಲೀಸಾಗಿಲ್ಲ. ಮೂವತ್ತು ದಿನ ಇಬ್ಬರ ಹೆಸರೂ ಕಚೇರಿಯ ನೋಟೀಸು ಬೋರ್ಡಿನಲ್ಲಿ ತೂಗಬೇಕು, ಯಾರು ಬೇಕಾದರೂ ಬಂದು ತಕರಾರು ಹಾಕಬಹುದು. ನಮ್ಮ ಜಿಲ್ಲೆಯಲ್ಲಿ ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಹಾಗೆ ಹೆಸರು ತೂಗಹಾಕುವುದೆಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮತದಾನದ ಮರುದಿನ, ಮೇ 11ಕ್ಕೆ ವಿಚಾರಣೆ ಮುಗಿಯಿತು. ಫಲಿತಾಂಶದ ಪಟಾಕಿಯಲ್ಲಿ ಅದು ಮರೆತೂ ಹೋಯಿತು. ಮಳೆಗಾಲ ಕಳೆದು ನವರಾತ್ರಿ ಬಂತು.

ತೀರ್ಪು ಬಂದದ್ದು ಅಕ್ಟೋಬರ್ 17ರ ಮಂಗಳವಾರ. ಬೆಳಗ್ಗೆ ನಾನು ಮನೆಯಲ್ಲಿ ಒಬ್ಬಳೇ ಕುಳಿತು ನೋಡಿದೆ. ಐವರು ನಾಲ್ಕು ತೀರ್ಪು ಬರೆದಿದ್ದರು. ಮದುವೆ ಎಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, 1954ರ ಕಾಯ್ದೆಯನ್ನು ಕೋರ್ಟು ತಿದ್ದಿ ಬರೆಯಲಾಗದು, ಅದು ಸಂಸತ್ತಿನ ಕೆಲಸ ಎಂಬಲ್ಲಿ ಐವರೂ ಒಂದಾದರು. ಮದುವೆಯೆನ್ನದಿದ್ದರೂ ಇಂಥ ಜೋಡಿಗಳ ಸಂಬಂಧಕ್ಕೆ ಸರ್ಕಾರ ಮನ್ನಣೆ ಕೊಡಲೇಬೇಕು ಎಂದವರು ಚಂದ್ರಚೂಡ್ ಮತ್ತು ಕೌಲ್. ಹಾಗೆ ಆದೇಶಿಸಲಾಗದು ಎಂದವರು ಉಳಿದ ಮೂವರು. ಬಹುಮತದ ಮುಖ್ಯ ತೀರ್ಪು ಬರೆದ ರವೀಂದ್ರ ಭಟ್ ಮೈಸೂರಿನಲ್ಲಿ ಹುಟ್ಟಿದವರು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಗಂಡು ಹೆಣ್ಣಿನ ಜೋಡಿಯಾಗಿ ಈಗಿರುವ ಕಾನೂನಿನಲ್ಲೇ ಮದುವೆಯಾಗಬಹುದು ಎಂಬ ಮಾತನ್ನು ಐವರೂ ಒಪ್ಪಿದ್ದು ಆ ದಿನದ ಒಂದೇ ಗಟ್ಟಿ ಸಮಾಧಾನ. ಉಳಿದದ್ದಕ್ಕೆ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿಯಾಗುತ್ತದೆ ಎಂದು ಸರ್ಕಾರ ಕೊಟ್ಟ ಮಾತನ್ನು ಕೋರ್ಟು ದಾಖಲಿಸಿಕೊಂಡಿತು.

ಸಂಜೆ ಎಲ್ಲರೂ ಸೇರಿದೆವು. ಭಟ್ರು ಗೋಳಿಬಜೆಯ ಪೊಟ್ಟಣ ತಂದಿದ್ದರು. ದೂರದಲ್ಲೆಲ್ಲೋ ಹುಲಿವೇಷದವರ ತಾಸೆಯ ಸದ್ದು. “ಅಂತೂ ಮುಗಿಯಿತಲ್ಲ” ಎಂದು ಭಟ್ರು ಸಮಾಧಾನದ ಉಸಿರು ಬಿಟ್ಟರು. “ಕಾನೂನು ಒಪ್ಪದ್ದು ಮದುವೆ ಹೇಗಾಗ್ತದೆ?” ಎಂದು ಹಾಜಿಯವರೂ ತಲೆಯಾಡಿಸಿದರು.

ಆಗ ವಕೀಲರು ನನ್ನ ಕಡೆ ತಿರುಗಿ, “ಅಕ್ಕ, ನಿಮ್ಮ ಅಜ್ಜಿಗೆ ಮದುವೆ ಆಗಿತ್ತಾ?” ಎಂದು ಕೇಳಿದರು.

ಎಲ್ಲರೂ ಬೆಚ್ಚಿದರು. ಅಂಥ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಯಾರಿಗೂ ಕೇಳುವುದಿಲ್ಲ. ನಾನು ಮಾತ್ರ ಬೆಚ್ಚಲಿಲ್ಲ. ಅವರು ಎಲ್ಲಿಗೆ ಹೋಗುತ್ತಿದ್ದಾರೆಂದು ನನಗೆ ಹೊಳೆಯಿತು. “ಆಗಿತ್ತು. ಕೈಧಾರೆ ಎರೆದು ಕೊಟ್ಟಿದ್ದರು. ಊರಿಗೆ ಊರೇ ಬಂದು ಉಂಡಿತ್ತಂತೆ” ಎಂದೆ.

“ಕೋರ್ಟಿನ ಲೆಕ್ಕದಲ್ಲಿ ಆಗಿರಲಿಲ್ಲ” ಎಂದರು ವಕೀಲರು.

ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಬಹುಪಾಲು ಜನ ಅಳಿಯಕಟ್ಟಿನವರು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಮಾವನ ಯಜಮಾನಿಕೆ ಅಳಿಯನಿಗೆ ಬರುತ್ತಿತ್ತು, ಮಕ್ಕಳು ತಾಯಿಯ ಕುಟುಂಬಕ್ಕೆ ಸೇರುತ್ತಿದ್ದರು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತದಲ್ಲಿತ್ತು. ಮದ್ರಾಸ್ ಹೈಕೋರ್ಟಿನ ನ್ಯಾಯಾಧೀಶರ ಕಣ್ಣಿಗೆ, ತಂದೆಯಿಂದ ಮಕ್ಕಳಿಗೆ ಆಸ್ತಿ ಇಳಿಯುವ ಮಕ್ಕಳಕಟ್ಟಿನ ಮದುವೆ ಮಾತ್ರ ಮದುವೆಯಾಗಿ ಕಾಣುತ್ತಿತ್ತು. ಅಳಿಯಕಟ್ಟಿನ ದಾಂಪತ್ಯ ಕಾನೂನಿನ ಅರ್ಥದಲ್ಲಿ ಮದುವೆಯೇ ಅಲ್ಲ ಎಂದು ಅದು 19ನೇ ಶತಮಾನದ ಕೊನೆಯ ಭಾಗದಲ್ಲಿ ತೀರ್ಪು ಕೊಟ್ಟಿತ್ತು. ಮಲಬಾರಿನ ನಾಯರರ ಸಂಬಂಧಕ್ಕೂ ಅದೇ ಗತಿ. ಅದಕ್ಕಾಗಿ 1891ರಲ್ಲಿ ಒಂದು ಆಯೋಗ ಕುಳಿತು, 1896ರಲ್ಲಿ ಮಲಬಾರ್ ವಿವಾಹ ಕಾಯ್ದೆ ಬಂತು. ನಮ್ಮವರ ಮದುವೆಯನ್ನು ಕಾನೂನು ಮದುವೆಯೆಂದು ಬರೆದುಕೊಂಡದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ.

ನನ್ನ ಅಜ್ಜ ತೀರಿದ್ದು ಅದಕ್ಕಿಂತ ಮೊದಲು. ಅಜ್ಜನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಯುತ್ತಲೇ ಅಜ್ಜಿ ಮಕ್ಕಳನ್ನು ಕಟ್ಟಿಕೊಂಡು ತನ್ನ ತಾಯಿಮನೆಗೆ ಬಂದದ್ದನ್ನು ಅಮ್ಮ ಹೇಳುತ್ತಿದ್ದಳು. ಅಷ್ಟು ವರ್ಷ ಉತ್ತು ಬಿತ್ತು ಬಾಳಿದ ಆ ಮನೆಯಲ್ಲಿ ಅಜ್ಜಿಗೆ ಒಂದು ಮುಡಿ ಅಕ್ಕಿಯ ಹಕ್ಕೂ ಇರಲಿಲ್ಲ. ಅಜ್ಜನ ಆಸ್ತಿ ಅವರ ಅಕ್ಕತಂಗಿಯರ ಮಕ್ಕಳಿಗೆ ಹೋಯಿತು. ಅದು ಕಟ್ಟಿನ ಪ್ರಕಾರ, ಯಾರ ಮೋಸವೂ ಅಲ್ಲ. ಅಜ್ಜಿಗೆ ಮರಳಿ ಹೋಗಲು ತನ್ನದೇ ಕುಟುಂಬದ ಮನೆ ಇತ್ತು, ಅಲ್ಲಿ ಆಕೆಗೆ ಜಾಗವೂ ಮಾತೂ ಇತ್ತು. ಅದರಿಂದ ಬದುಕು ಉಳಿಯಿತು.

ಇದನ್ನು ಹೇಳುತ್ತಿದ್ದಂತೆ ನನಗೆ ಬ್ಯಾಂಕಿನ ದಿನಗಳ ಇಬ್ಬರು ಹೆಂಗಸರು ನೆನಪಾದರು. ಅವರ ಕಥೆಯನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ಸಂಜೆ ಹೇಳಿದೆ.

ಒಬ್ಬರು ನರ್ಸ್, ಇನ್ನೊಬ್ಬರು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ಕಡಲ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಮನೆ, ನರ್ಸಮ್ಮನ ಹೆಸರಿನಲ್ಲಿ. ಸಾಲದ ಕಂತಿಗೆ ಇಬ್ಬರ ದುಡಿಮೆಯೂ ಸೇರುತ್ತಿತ್ತು. ಜಂಟಿ ಖಾತೆ ತೆರೆಯಲು ಬಂದಾಗ ಅರ್ಜಿಯಲ್ಲಿ ‘ಸಂಬಂಧ’ ಎಂಬ ಕಾಲಮಿನ ಹತ್ತಿರ ಹೊಲಿಗೆಯವರ ಪೆನ್ನು ನಿಂತಿತು. ಪಕ್ಕದವರ ಮುಖ ನೋಡಿದರು. ಅವರು ಏನೂ ಹೇಳಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಆ ಬೆರಳುಗಳು ಕಾಲಮಿನಲ್ಲಿ ನೆಟ್ಟಗೆ ಒಂದು ಗೀಟು ಎಳೆದವು, ಆಮೇಲೆ ಕೆಳಗೆ ಸಹಿ ಹಾಕಿದವು. ನಾನು ಖಾತೆಯನ್ನು ‘ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು’ ಎಂಬ ಷರತ್ತಿನಲ್ಲಿ ತೆರೆದುಕೊಟ್ಟೆ.

ಕೆಲವು ವರ್ಷ ಕಳೆದು ನರ್ಸಮ್ಮ ಕಾಯಿಲೆ ಬಿದ್ದರು. ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ರಕ್ತಸಂಬಂಧಿಗಳೇ ಬೇಕೆಂದರಂತೆ. ಬೊಂಬಾಯಿಯಿಂದ ಅಣ್ಣಂದಿರು ಬರುವ ತನಕ ಕಾದರು. ಆಕೆ ಉಳಿಯಲಿಲ್ಲ. ಶವ ಅಣ್ಣಂದಿರ ವಶಕ್ಕೆ ಹೋಯಿತು. ಉಯಿಲು ಬರೆದಿರಲಿಲ್ಲ. ಗಂಡ, ಮಕ್ಕಳು, ತಂದೆತಾಯಿ ಇಲ್ಲದ ಹೆಣ್ಣಿನ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ತಂದೆಯ ವಾರಸುದಾರರಿಗೆ, ಅಂದರೆ ಅಣ್ಣಂದಿರಿಗೆ. ಹೊಲಿಗೆಯವರು ಮನೆ ಬಿಡಬೇಕಾಯಿತು. ಜಂಟಿ ಖಾತೆಯಲ್ಲಿದ್ದ ಹಣವನ್ನು ತೆಗೆಯಲು ಬಂದ ದಿನ ಅವರ ಜೊತೆ ಹೊಲಿಗೆ ಯಂತ್ರವೂ ಇತ್ತು, ಹೊರಗೆ ರಿಕ್ಷಾದಲ್ಲಿ. ಅಷ್ಟನ್ನೇ ಒಯ್ಯಲು ಬಿಟ್ಟಿದ್ದರು. ನನ್ನ ಅಜ್ಜಿಗೆ ಇದ್ದ ತಾಯಿಮನೆ ಆಕೆಗೆ ಇರಲಿಲ್ಲ. ಹೀಗೆ ಬಾಳಲು ಹೊರಟ ದಿನವೇ ಆ ಬಾಗಿಲು ಮುಚ್ಚಿತ್ತು.

ಗೋಳಿಬಜೆ ಆರಿ ಹೋಗಿತ್ತು. ಮೊದಲು ಮಾತಾಡಿದವರು ಹಾಜಿಯವರು. “ನಿಕಾಹ್ ಆಗುದಿಲ್ಲ. ಅದು ನಾನು ಈಗಲೂ ಹೇಳ್ತೇನೆ. ಆದ್ರೆ ಆ ಹೆಂಗಸು ದುಡಿದು ಕಟ್ಟಿದ ಮನೆಯಿಂದ ಆಕೆಯನ್ನು ಹೊರಗೆ ಹಾಕಿದ್ದು ಝುಲ್ಮ್. ಅದಕ್ಕೆ ಅಲ್ಲಾಹನ ಹತ್ರ ಜವಾಬು ಕೊಡ್ಬೇಕಾಗ್ತದೆ” ಎಂದರು. ಟೀಚರ್ ಕಣ್ಣೊರೆಸಿಕೊಂಡರು. ತಮ್ಮ ಕೈಯಲ್ಲಿ ಕಲಿತ ಒಬ್ಬ ಹುಡುಗ ಬೆಂಗಳೂರಿನಲ್ಲಿ ಹೀಗೆಯೇ ಇದ್ದಾನೆ, ಹಬ್ಬಕ್ಕೆ ಊರಿಗೆ ಬಂದರೂ ತಾಯಿಯ ಮುಂದೆ ಬಾಯಿ ಬಿಡುವುದಿಲ್ಲ ಎಂದರು. ಭಟ್ರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ನನ್ನ ಮಂತ್ರ ಅವರಿಗೆ ಬೇಡ ಅಂತಾದ್ರೆ, ಸರ್ಕಾರಿ ಪುಸ್ತಕದಲ್ಲಿ ಹೆಸರು ಬರೆಯುದಕ್ಕೆ ನಾನು ಯಾಕೆ ಅಡ್ಡ ಬರ್ಬೇಕು?”

ಭಟ್ರು ಅಂದು ಅರ್ಜಿದಾರರ ಪರ ಆದರೆಂದು ನಾನು ಹೇಳುವುದಿಲ್ಲ. ಅವರಿಗೆ ಮದುವೆ ಇಂದಿಗೂ ಸಂಸ್ಕಾರವೇ. ಆದರೆ ಆ ಸಂಜೆ ಅವರು ತಮ್ಮ ಮಂಟಪವನ್ನೂ ರಿಜಿಸ್ಟ್ರಾರರ ಮೇಜನ್ನೂ ಬೇರೆ ಬೇರೆ ಮಾಡಿ ನೋಡಿದರು. ದಿಲ್ಲಿಯ ಕೋರ್ಟಿಗೆ ಹೋದ ಧರ್ಮಸಂಸ್ಥೆಗಳು ಮಾಡದೆ ಹೋದ ಕೆಲಸ ಅದು.

ಆ ವರ್ಷ ಡಿಸೆಂಬರ್ 18ರಂದು ರೋಮಿನಿಂದ ಒಂದು ಘೋಷಣೆ ಬಂತು. ಮದುವೆಯ ಬೋಧನೆಯಲ್ಲಿ ಬದಲಾವಣೆಯಿಲ್ಲ, ಆದರೆ ಸಲಿಂಗಿ ಜೋಡಿಗಳು ಬಂದು ಕೇಳಿದರೆ ಪಾದ್ರಿಗಳು ಪೂಜಾವಿಧಿಯ ಹೊರಗೆ ಆಶೀರ್ವದಿಸಬಹುದು ಎಂದಿತು. ಟೀಚರ್ ಆ ಸುದ್ದಿಯಿದ್ದ ಪತ್ರಿಕೆಯ ತುಂಡನ್ನು ತಂದು ಎಲ್ಲರಿಗೂ ಓದಿದರು. ಮುಂದಿನ ರಜೆಯಲ್ಲಿ ತಮ್ಮ ಹಳೆಯ ಶಿಷ್ಯನನ್ನೂ ಅವನ ಸಂಗಾತಿಯನ್ನೂ ತಾವೇ ವಕೀಲರ ಬಳಿ ಕರೆತಂದರು. ವಕೀಲರು ಮಾಡಬೇಕಾದ್ದನ್ನು ಹೇಳಿದರು: ಇಬ್ಬರು ಸಾಕ್ಷಿಗಳ ಮುಂದೆ ಉಯಿಲು, ಉಳಿದವರಿಗೆ ಸಲ್ಲುವ ಜಂಟಿ ಖಾತೆ, ಕೊನೆಗಾಲದ ಚಿಕಿತ್ಸೆಯ ಬಗ್ಗೆ ನೋಟರಿಯ ಮುಂದೆ ಸಹಿ ಮಾಡಿದ ಮುಂಗಡ ನಿರ್ದೇಶನ. ಸುಪ್ರೀಂ ಕೋರ್ಟು 2018ರಲ್ಲಿ ಅದಕ್ಕೆ ದಾರಿ ಮಾಡಿ 2023ರ ಜನವರಿಯಲ್ಲಿ ಸುಲಭಗೊಳಿಸಿದೆ. ನಾನು ಬ್ಯಾಂಕಿನ ಒಂದು ಎಚ್ಚರಿಕೆ ಸೇರಿಸಿದೆ: ನಾಮಿನಿ ಎಂದು ಹೆಸರು ಬರೆದ ಮಾತ್ರಕ್ಕೆ ಹಣ ಅವರದ್ದಾಗುವುದಿಲ್ಲ, ವಾರಸುದಾರರು ಬಂದು ಕೇಳಬಹುದು, ಆದ್ದರಿಂದ ಉಯಿಲು ಬೇಕೇ ಬೇಕು. ಅಲ್ಲೇ ಕುಳಿತಿದ್ದ ಹಾಜಿಯವರು, “ನಮ್ಮಲ್ಲಿ ಅದೂ ಕಷ್ಟ, ವಸಿಯತ್ ಮೂರರಲ್ಲಿ ಒಂದು ಪಾಲಿಗೆ ಮಾತ್ರ” ಎಂದರು. ಉಯಿಲನ್ನು ಪ್ರಶ್ನಿಸಬಹುದು, ಪತ್ರ ಕಳೆದುಹೋಗಬಹುದು, ಕುಟುಂಬ ಪಿಂಚಣಿ ಯಾವ ಪತ್ರದಿಂದಲೂ ಬರುವುದಿಲ್ಲ. ಮದುವೆಯ ಒಂದು ಸಹಿಯಿಂದ ಉಳಿದವರಿಗೆ ತಾನಾಗಿ ಸಿಗುವುದನ್ನು ಇವರು ಒಂದೊಂದಾಗಿ ಬರೆಸಿ ಜೋಡಿಸಬೇಕು.

ಸರ್ಕಾರದ ಸಮಿತಿ 2024ರ ಏಪ್ರಿಲಿನಲ್ಲಿ ರಚನೆಯಾಯಿತು. ಇಂಥ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಹಣಕಾಸು ಸಚಿವಾಲಯ ಆ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಹತ್ತಿರದ ಸಂಬಂಧಿಗಳು ಇಲ್ಲದಾಗ ಸಂಗಾತಿಗೆ ಶವವನ್ನು ಒಪ್ಪಿಸುವ ಬಗ್ಗೆ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಬರೆಯಿತು. ಸಣ್ಣ ಹೆಜ್ಜೆಗಳಾದರೂ ಬೇಕಾದವೇ. ತೀರ್ಪಿನ ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿ 9ರಂದು ವಜಾ ಆದವು. ಇನ್ನು ಉಳಿದಿರುವುದು ಸಂಸತ್ತು.

ಧರ್ಮದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಮಂಟಪ, ನಿಕಾಹ್, ಇಗರ್ಜಿಯ ಪೀಠ ನಿಮ್ಮವು. ಅಲ್ಲಿ ಯಾರಿಗೆ ಜಾಗ ಎಂಬುದನ್ನು ನಿಮ್ಮ ಶಾಸ್ತ್ರದಲ್ಲಿ ನೀವು ನೋಡಿಕೊಳ್ಳಿ. 1954ರ ಕಾಯ್ದೆ ಹುಟ್ಟಿದ್ದೇ ನೀವು ಸೇರಿಸಿಕೊಳ್ಳದವರಿಗಾಗಿ. ಆ ಬಾಗಿಲಿಗೂ ನೀವೇ ಬಂದು ಅಡ್ಡ ನಿಂತರೆ ಅವರು ಹೋಗುವುದೆಲ್ಲಿಗೆ? ಕಾನೂನು 1949ರಲ್ಲಿ ನಮ್ಮ ಅಜ್ಜಿಯಂದಿರ ಮದುವೆಯನ್ನು ಒಪ್ಪಿಕೊಂಡಿತು. ಅದರಿಂದ ಬೇರೆ ಯಾರ ಮದುವೆಗೂ ಕುಂದು ಬರಲಿಲ್ಲ, ನಮ್ಮ ದೈವಗಳು ಚಾವಡಿ ಬಿಟ್ಟು ಹೋಗಲಿಲ್ಲ, ಕೋಲ ನೇಮ ಯಾವುದೂ ನಿಲ್ಲಲಿಲ್ಲ. ಕೆಲವು ಹೆಂಗಸರಿಗೆ ಬಾಳಿದ ಮನೆಯಲ್ಲಿ ಹಕ್ಕು ಸಿಕ್ಕಿತು, ಅಷ್ಟೆ. ಸಂಸತ್ತಿನಲ್ಲಿ ಈ ಮಾತು ಏಳುವ ದಿನ ಬರುತ್ತದೆ. ಆ ದಿನ ಕರಾವಳಿಯಿಂದ ಹೋದವರು ಯಾರೇ ಇರಲಿ, ಯಾವ ಪಕ್ಷದವರೇ ಇರಲಿ, ಎದ್ದು ನಿಂತು ಅಳಿಯಕಟ್ಟಿನ ಈ ಚರಿತ್ರೆಯನ್ನು ಅಲ್ಲಿ ಹೇಳಬೇಕು. ಅದನ್ನು ಹೇಳುವ ಅಧಿಕಾರ ನಮಗಿರುವಷ್ಟು ಈ ದೇಶದಲ್ಲಿ ಹೆಚ್ಚು ಮಂದಿಗೆ ಇಲ್ಲ.